ತಟ್ಟೆಗಳ ಕಾಳಗವೂ ಗ್ರಾಹಕನ ದಂಡವೂ

೨೦೦೮ನೆಯ ಇಸವಿ ಫೆಬ್ರವರಿ ೧೯ನೆಯ ತಾರೀಖಿನಂದು ಜಪಾನು ದೇಶದ ಟೋಕಿಯೋ ನಗರದಲ್ಲಿ ತೋಷಿಬಾ ಕಂಪೆನಿಯ ಅಧ್ಯಕ್ಷರಾಗಿದ್ದ ಅಟ್ಸುತೋಶಿ ನಿಶಿದಾ ಎಂಬವರು ಪತ್ರಕರ್ತರನ್ನು ಬರಮಾಡಿಕೊಂಡು, ತಮ್ಮ ಕಂಪೆನಿಯು ‘ಎಚ್.ಡಿ. ಡಿ.ವಿ.ಡಿ.’ ಎಂಬ ಚಲಚ್ಚಿತ್ರದ ತಟ್ಟೆಯನ್ನು ನಡೆಯಿಸುವ ಯಂತ್ರಗಳ ವ್ಯವಹಾರವನ್ನು ಕೈಬಿಡುವುದೆಂದು ಪ್ರಕಟಿಸಿದರು. ಸರಿಯಾಗಿ ಆರು ವರ್ಷಗಳ ಹಿಂದೆ, ೨೦೦೨ರ ಅದೇ ಫೆಬ್ರವರಿ ೧೯ರಂದು, ಒಂಬತ್ತು ಕಂಪೆನಿಗಳು ಒಟ್ಟುಗೂಡಿ ‘ಬ್ಲೂ-ರೇ’ ಎಂಬ ಪ್ರತಿಸ್ಪರ್ಧಿ ತಟ್ಟೆಯನ್ನು ಲೋಕಕ್ಕೆ ಸಾರಿದ್ದವು. ಈ ಎರಡು ತಾರೀಖುಗಳ ನಡುವೆ ಜಪಾನಿನ ಕಾರಖಾನೆಗಳಲ್ಲಿಯೂ ಅಮೆರಿಕದ ಅಂಗಡಿಗಳಲ್ಲಿಯೂ ನಡೆದ ಕಾಳಗವು ಈಗ ಹಳೆಯ ಮಾತಾಗಿದೆ. ಗೆದ್ದವರಾರು, ಸೋತವರಾರು ಎಂಬುದು ಎಲ್ಲರೂ ಬಲ್ಲ ಸಂಗತಿ. ಈ ಕಾಳಗದ ಖರ್ಚನ್ನು ತೆತ್ತವರಾರು ಎಂಬ ಪ್ರಶ್ನೆಯನ್ನು ಮಾತ್ರ ಕೇಳಿದವರು ವಿರಳ.

ಪಡಸಾಲೆಯಲ್ಲಿ ಕುಳಿತು ಸಿನಿಮಾ ನೋಡುವವರ ಸೊಗಸಿಗೂ ನಮ್ಮ ಪತ್ರಿಕೆಯ ಅಂಕಣಗಳಿಗೂ ಏನು ಸಂಬಂಧವೆಂದು ವಾಚಕರಲ್ಲಿ ಕೆಲವರು ಆಕ್ಷೇಪಿಸಬಹುದು. ಸಂಬಂಧವುಂಟು. ಸಂತೆಗೆ ಬಂದ ಧಾನ್ಯವನ್ನು ಯಾರ ಸೇರಿನಲ್ಲಿ ಅಳೆಯಬೇಕೆಂಬುದನ್ನು ಯಾರು ನಿರ್ಣಯಿಸುವರೋ ಅವರೇ ಸಂತೆಯ ದೊರೆಗಳು. ಧಾನ್ಯವು ಬೆಳೆದವನದು, ಹಣವು ಕೊಳ್ಳುವವನದು. ಆದರೂ ಸೇರಿನ ಒಡೆಯನಿಗೆ ಇಬ್ಬರೂ ಕೈಯೊಡ್ಡಬೇಕಾಗುವುದು. ಎಚ್.ಡಿ. ಡಿ.ವಿ.ಡಿ. ಮತ್ತು ಬ್ಲೂ-ರೇಗಳ ಜಗಳವು ಮೇಲ್ನೋಟಕ್ಕೆ ಚಿತ್ರದ ಅಂದದ ಜಗಳವಾಗಿ ತೋರಿದರೂ ಒಳಗೆ ಅದು ಸೇರಿನ ಒಡೆತನದ ಜಗಳವೇ ಆಗಿತ್ತು. ಆದುದರಿಂದ ಅದರ ವೃತ್ತಾಂತವನ್ನು ಆದ್ಯಂತವಾಗಿ ಪರಿಶೀಲಿಸುವುದು ನಮ್ಮ ಜನಕ್ಕೂ ನಮ್ಮ ಅಧಿಕಾರಿಗಳಿಗೂ ಹಿತವೆಂದು ನಾವು ಭಾವಿಸುತ್ತೇವೆ.

ಮೊದಲು ವಸ್ತುವಿನ ಸ್ವರೂಪವನ್ನು ಹೇಳುವುದು ಯುಕ್ತ. ಡಿ.ವಿ.ಡಿ. ಎಂಬ ತಟ್ಟೆಯನ್ನು ನಮ್ಮ ವಾಚಕರಲ್ಲಿ ಬಹುಮಂದಿ ಕೈಯಲ್ಲಿ ಹಿಡಿದವರೇ. ಅದರೊಳಗೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಕುಳಿಗಳು ಸುರುಳಿಯಾಗಿ ಒತ್ತಲ್ಪಟ್ಟಿರುತ್ತವೆ. ಲೇಸರ್ ಎಂಬ ಬೆಳಕಿನ ಮೊನೆಯು ಆ ಕುಳಿಗಳನ್ನು ಓದುತ್ತ ಹೋದಂತೆ ಚಿತ್ರವೂ ಧ್ವನಿಯೂ ಹೊರಡುತ್ತವೆ. ಡಿ.ವಿ.ಡಿ.ಯನ್ನು ಓದುವ ಬೆಳಕು ಕೆಂಪು. ಅದರ ಅಲೆಯ ಉದ್ದ ೬೫೦ ನ್ಯಾನೊಮೀಟರು. ಮೊನೆಯು ದಪ್ಪನಾದಷ್ಟೂ ಅಕ್ಷರವು ದಪ್ಪನಾಗಬೇಕಷ್ಟೆ. ಆ ಕಾರಣದಿಂದ ಒಂದು ಪದರದಲ್ಲಿ ೪.೭ ಗಿಗಾಬೈಟುಗಳಿಗಿಂತ ಹೆಚ್ಚು ತುಂಬುವುದು ಸಾಧ್ಯವಾಗಲಿಲ್ಲ. ನಮ್ಮ ದೇಶದ ಹಳೆಯ ಟೆಲಿವಿಷನ್ನಿನ ೫೭೬ ಗೆರೆಗಳ ಚಿತ್ರಕ್ಕೆ ಅಷ್ಟು ಸಾಕಾಗಿತ್ತು; ೧೦೮೦ ಗೆರೆಗಳ ಹೊಸ ಚಿತ್ರಕ್ಕೆ ಸಾಲದಾಯಿತು.

ಇದಕ್ಕೆ ಪರಿಹಾರವು ನೀಲಿಯ ಬೆಳಕಿನಿಂದ ಬಂದಿತು. ಜಪಾನಿನ ತೊಕುಶಿಮಾ ಪ್ರಾಂತದ ನಿಚಿಯಾ ಎಂಬ ಅಷ್ಟೇನೂ ದೊಡ್ಡದಲ್ಲದ ಕಂಪೆನಿಯಲ್ಲಿ ಕೆಲಸಕ್ಕಿದ್ದ ಶೂಜಿ ನಕಮುರಾ ಎಂಬ ಎಂಜಿನಿಯರು ೧೯೯೩ರಲ್ಲಿ ಪ್ರಖರವಾದ ನೀಲಿ ದೀಪವನ್ನೂ, ತರುವಾಯ ಕೆಲವೇ ವರ್ಷಗಳಲ್ಲಿ ನೀಲಿನೇರಳೆ ಲೇಸರನ್ನೂ ಸಾಧಿಸಿ ತೋರಿಸಿದರು. ಅದರ ಅಲೆಯ ಉದ್ದ ೪೦೫ ನ್ಯಾನೊಮೀಟರು. ಮೊನೆ ಸಣ್ಣದು, ಅಕ್ಷರವೂ ಸಣ್ಣದು. ಈ ಮಹತ್ಕಾರ್ಯಕ್ಕಾಗಿ ಆತನಿಗೆ ಮೊದಲು ಸಂದ ಬಹುಮಾನವು ೨೦,೦೦೦ ಯೆನ್ ಮಾತ್ರ. ಆತನು ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ ೨೦೦೫ರಲ್ಲಿ ಸುಮಾರು ೮೪ ಕೋಟಿ ಯೆನ್ನಿಗೆ ರಾಜಿಯಾಯಿತು; ೨೦೧೪ರಲ್ಲಿ ಇಸಾಮು ಅಕಸಾಕಿ ಮತ್ತು ಹಿರೋಶಿ ಅಮಾನೋ ಎಂಬ ವಿದ್ವಾಂಸರೊಡನೆ ನೊಬೆಲ್ ಪಾರಿತೋಷಿಕವೂ ದೊರೆಯಿತು. ಬೆಳಕನ್ನು ಕಂಡುಹಿಡಿದವನ ಕಥೆ ಇದು. ಆ ಬೆಳಕಿನಿಂದ ಓದಲ್ಪಡುವ ತಟ್ಟೆಯ ಅಳತೆಯನ್ನು ತಮ್ಮದಾಗಿಸಿಕೊಳ್ಳಲು ಹೊರಟ ವರ್ತಕರ ಕಥೆಯು ಬೇರೆ.

ಇಂಥ ಜಗಳವು ಇದೇ ಮೊದಲನೆಯದಾಗಿರಲಿಲ್ಲ. ೧೯೭೫ರಲ್ಲಿ ಸೋನಿ ಕಂಪೆನಿಯು ಬೀಟಾಮ್ಯಾಕ್ಸ್ ಎಂಬ ವೀಡಿಯೋ ಟೇಪನ್ನೂ, ೧೯೭೬ರಲ್ಲಿ ಜೆ.ವಿ.ಸಿ. ಕಂಪೆನಿಯು ವಿ.ಎಚ್.ಎಸ್. ಎಂಬ ಟೇಪನ್ನೂ ಹೊರತಂದು, ಹತ್ತು ವರ್ಷಕ್ಕೂ ಮೇಲ್ಪಟ್ಟು ಕಾದಾಡಿದುವು. ಕಡೆಗೆ ೧೯೮೮ರಲ್ಲಿ ಸೋನಿಯೇ ವಿ.ಎಚ್.ಎಸ್. ಯಂತ್ರವನ್ನು ತಯಾರಿಸತೊಡಗಿತು. ಈ ಪಾಠವು ಎಲ್ಲರ ನೆನಪಿನಲ್ಲಿದ್ದುದರಿಂದಲೇ ೧೯೯೫ರಲ್ಲಿ ಒಂದು ಶ್ಲಾಘ್ಯವಾದ ಕಾರ್ಯವು ನಡೆಯಿತು. ಅಂದು ಸೋನಿ ಮತ್ತು ಫಿಲಿಪ್ಸ್ ಕಂಪೆನಿಗಳ ತಟ್ಟೆ ಒಂದು, ತೋಷಿಬಾ ಮತ್ತು ಅದರ ಮಿತ್ರರ ತಟ್ಟೆ ಇನ್ನೊಂದು ಆಗಿದ್ದಿತು. ಐ.ಬಿ.ಎಂ. ಮೊದಲಾದ ಕಂಪ್ಯೂಟರು ಕಂಪೆನಿಗಳು ನಡುವೆ ಬಂದು, ನೀವು ಒಂದಾಗದಿದ್ದರೆ ನಿಮ್ಮಿಬ್ಬರ ತಟ್ಟೆಯೂ ನಮಗೆ ಬೇಡವೆಂದು ಹಟ ಹಿಡಿದುವು. ಕೊಳ್ಳುವವರು ಒಗ್ಗಟ್ಟಾಗಿ ನಿಂತುದರಿಂದ ಮಾರುವವರು ಒಗ್ಗಟ್ಟಾಗಬೇಕಾಯಿತು. ಹಾಗೆ ಹುಟ್ಟಿದ್ದೇ ಡಿ.ವಿ.ಡಿ. ಅದು ೧೯೯೬ರ ನವೆಂಬರಿನಲ್ಲಿ ಜಪಾನಿನಲ್ಲಿಯೂ ೧೯೯೭ರಲ್ಲಿ ಅಮೆರಿಕದಲ್ಲಿಯೂ ಮಾರಾಟಕ್ಕೆ ಬಂದು, ಅನತಿಕಾಲದಲ್ಲಿಯೇ ಮನೆಮನೆಯ ವಸ್ತುವಾಯಿತು. ಅಳತೆಯು ಒಂದೇ ಆದರೆ ವ್ಯಾಪಾರವು ಎಷ್ಟು ಬೇಗ ಹಬ್ಬುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಿಲ್ಲ.

ಹೀಗಿದ್ದರೂ ಏಳೇ ವರ್ಷಗಳಲ್ಲಿ ಆ ವಿವೇಕವು ಮರೆತುಹೋಯಿತು. ೨೦೦೨ರಲ್ಲಿ ಬ್ಲೂ-ರೇ ಪಕ್ಷವನ್ನು ಸಾರಿದ ಒಂಬತ್ತು ಕಂಪೆನಿಗಳೆಂದರೆ ಸೋನಿ, ಮತ್ಸುಶಿತಾ, ಪಯೋನಿಯರ್, ಹಿಟಾಚಿ, ಶಾರ್ಪ್, ಫಿಲಿಪ್ಸ್, ಥಾಮ್ಸನ್, ಎಲ್.ಜಿ. ಮತ್ತು ಸ್ಯಾಮ್‌ಸಂಗ್. ಅದೇ ವರ್ಷದ ಆಗಸ್ಟಿನಲ್ಲಿ ತೋಷಿಬಾ ಮತ್ತು ಎನ್.ಇ.ಸಿ. ಕಂಪೆನಿಗಳು ತಮ್ಮದೇ ಆದ ಬೇರೊಂದು ತಟ್ಟೆಯನ್ನು ಮುಂದಿಟ್ಟವು, ಡಿ.ವಿ.ಡಿ.ಯ ಕಾರ್ಯಭಾರವನ್ನು ನೋಡುತ್ತಿದ್ದ ‘ಡಿ.ವಿ.ಡಿ. ಫೋರಂ’ ಎಂಬ ಸಂಘವು ೨೦೦೩ರ ನವೆಂಬರಿನಲ್ಲಿ ಅದಕ್ಕೆ ಅನುಮೋದನೆಯನ್ನಿತ್ತಿತು. ಅದೇ ಎಚ್.ಡಿ. ಡಿ.ವಿ.ಡಿ.

ಇವೆರಡಕ್ಕೂ ಭೇದವೇನು? ಇಬ್ಬರೂ ಬಳಸಿದುದು ಒಂದೇ ನೀಲಿನೇರಳೆ ಬೆಳಕು. ಎರಡು ತಟ್ಟೆಗಳ ಅಗಲವೂ ಒಂದೇ. ಬ್ಲೂ-ರೇ ತಟ್ಟೆಯಲ್ಲಿ ಅಕ್ಷರದ ಪದರವು ಮೇಲ್ಮೈಯಿಂದ ೦.೧ ಮಿಲಿಮೀಟರಿನಷ್ಟು ಮಾತ್ರ ಒಳಗಿದ್ದಿತು, ಎಚ್.ಡಿ. ಡಿ.ವಿ.ಡಿ.ಯಲ್ಲಿ, ಹಳೆಯ ಡಿ.ವಿ.ಡಿ.ಯಲ್ಲಿದ್ದಂತೆಯೇ, ೦.೬ ಮಿಲಿಮೀಟರು ಒಳಗಿದ್ದಿತು. ಮೇಲ್ಮೈಗೆ ಸಮೀಪವಾದುದರಿಂದ ಬ್ಲೂ-ರೇಯ ಮೊನೆಯು ಇನ್ನೂ ಸೂಕ್ಷ್ಮವಾಗಿ, ಒಂದು ಪದರದಲ್ಲಿ ೨೫ ಗಿಗಾಬೈಟು ಹಿಡಿಯುತ್ತಿತ್ತು, ಎಚ್.ಡಿ. ಡಿ.ವಿ.ಡಿ.ಯು ೧೫ ಮಾತ್ರ. ಆದರೆ ತೋಷಿಬಾ ಪಕ್ಷದವರ ವಾದವೂ ಹುರುಳಿಲ್ಲದ್ದಲ್ಲ. ಅವರ ತಟ್ಟೆಯನ್ನು ಹಳೆಯ ಡಿ.ವಿ.ಡಿ. ಕಾರಖಾನೆಗಳಲ್ಲಿಯೇ ಸ್ವಲ್ಪ ಮಾರ್ಪಾಡಿನಿಂದ ತಯಾರಿಸಬಹುದಾಗಿತ್ತು. ಬ್ಲೂ-ರೇಗೆ ಹೊಸ ಯಂತ್ರಸಾಮಗ್ರಿಯೇ ಬೇಕಾಗಿತ್ತು. ಒಂದರಲ್ಲಿ ಜಾಗ ಹೆಚ್ಚು, ಇನ್ನೊಂದರಲ್ಲಿ ಖರ್ಚು ಕಡಿಮೆ. ಚಿತ್ರವನ್ನು ಸಂಕ್ಷೇಪಿಸಿ ತುಂಬುವ ವಿಧಾನಗಳು ಮಾತ್ರ ಎರಡರಲ್ಲಿಯೂ ಅವೇ ಮೂರು. ತೆರೆಯ ಮುಂದೆ ಕುಳಿತವನ ಕಣ್ಣಿಗೆ ಇದು ಆ ತಟ್ಟೆ, ಇದು ಈ ತಟ್ಟೆ ಎಂದು ಗುರುತಿಸುವಷ್ಟು ಭೇದವು ತೋರುತ್ತಿರಲಿಲ್ಲ.

೨೦೦೫ರಲ್ಲಿ ಉಭಯಪಕ್ಷದವರೂ ಸಂಧಾನಕ್ಕೆ ಕುಳಿತರು. ಕೆಲವು ತಿಂಗಳು ಮಾತುಕತೆಯಾಗಿ ಅದು ಮುರಿದುಬಿದ್ದಿತು. ಹೊರಗೆ ಹೇಳಿದ ಕಾರಣವು ೦.೧ ಮತ್ತು ೦.೬ ಮಿಲಿಮೀಟರಿನ ಭೇದ. ಯಾವ ಅಳತೆಯು ನಿಲ್ಲುವುದೋ ಅದರ ಪೇಟೆಂಟುಗಳುಳ್ಳವರಿಗೆ, ಪ್ರಪಂಚದಲ್ಲಿ ತಯಾರಾಗುವ ಪ್ರತಿಯೊಂದು ತಟ್ಟೆಯ ಮೇಲೂ ಪ್ರತಿಯೊಂದು ಯಂತ್ರದ ಮೇಲೂ ರಾಜಧನವು ಸಲ್ಲುತ್ತದೆಂಬುದನ್ನು ಬಲ್ಲವರಿಗೆ ಒಳಗಿನ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಹತ್ತು ವರ್ಷಗಳ ಹಿಂದೆ ಕಂಪ್ಯೂಟರು ಕಂಪೆನಿಗಳು ಮಾಡಿದ್ದ ಮಧ್ಯಸ್ಥಿಕೆಯೂ ಈ ಸಲ ಇರಲಿಲ್ಲ. ಮೈಕ್ರೋಸಾಫ್ಟ್ ಮತ್ತು ಇಂಟೆಲ್ ಕಂಪೆನಿಗಳು ಅದೇ ವರ್ಷ ಎಚ್.ಡಿ. ಡಿ.ವಿ.ಡಿ. ಪಕ್ಷವನ್ನು ಸೇರಿಬಿಟ್ಟವು. ಪಂಚಾಯತಿಗೆ ಕೂರಬೇಕಾದವರೇ ಒಂದು ಕಡೆಯ ವಕೀಲರಾದ ಮೇಲೆ ನ್ಯಾಯ ಹೇಳುವವರಾರು?

ಆಮೇಲೆ ನಡೆದುದು ಪೇಟೆಯ ಯುದ್ಧ. ೨೦೦೬ರ ಏಪ್ರಿಲಿನಲ್ಲಿ ತೋಷಿಬಾ ಯಂತ್ರವು ಅಮೆರಿಕದಲ್ಲಿ ೪೯೯ ಡಾಲರಿಗೂ, ಜೂನ್ ತಿಂಗಳಲ್ಲಿ ಸ್ಯಾಮ್‌ಸಂಗಿನ ಬ್ಲೂ-ರೇ ಯಂತ್ರವು ೯೯೯ ಡಾಲರಿಗೂ ಮಾರಾಟಕ್ಕೆ ಬಂದುವು. ಚಿತ್ರತಯಾರಕರೂ ಇಬ್ಭಾಗವಾದರು. ಬೀಟಾಮ್ಯಾಕ್ಸಿನ ಸೋಲಿನಿಂದ ಪಾಠ ಕಲಿತಿದ್ದ ಸೋನಿಯು ೧೯೮೯ರಲ್ಲಿಯೇ ಕೊಲಂಬಿಯಾ ಚಿತ್ರ ಕಂಪೆನಿಯನ್ನು ಕೊಂಡಿತ್ತು. ಅದರ ಚಿತ್ರಗಳಲ್ಲದೆ ಡಿಸ್ನಿ ಮತ್ತು ಫಾಕ್ಸ್ ಕಂಪೆನಿಗಳ ಚಿತ್ರಗಳೂ ಬ್ಲೂ-ರೇಯಲ್ಲಿ ಮಾತ್ರ ದೊರೆಯುತ್ತಿದ್ದುವು. ಯೂನಿವರ್ಸಲ್ ಕಂಪೆನಿಯದು ಎಚ್.ಡಿ. ಡಿ.ವಿ.ಡಿ.ಯಲ್ಲಿ ಮಾತ್ರ. ಪ್ಯಾರಮೌಂಟ್ ಮತ್ತು ವಾರ್ನರ್ ಕಂಪೆನಿಗಳು ಎರಡು ದೋಣಿಗಳಲ್ಲಿಯೂ ಒಂದೊಂದು ಕಾಲಿಟ್ಟು ನಿಂತಿದ್ದುವು. ಯಾವ ಯಂತ್ರವನ್ನು ಕೊಂಡರೂ ಗೃಹಸ್ಥನಿಗೆ ಅರ್ಧ ಲೋಕವು ಕಾಣುವುದು, ಅರ್ಧ ಲೋಕವು ಮುಚ್ಚಿರುವುದು. ಎರಡನ್ನೂ ನಡೆಯಿಸುವ ಯಂತ್ರವೊಂದನ್ನು ಎಲ್.ಜಿ. ಕಂಪೆನಿಯು ೨೦೦೭ರಲ್ಲಿ ತಂದಿತು. ಬೆಲೆಯು ಸುಮಾರು ೧,೨೦೦ ಡಾಲರು! ಒಂದು ಮಗ್ಗುಲಲ್ಲಿ ಇದು, ಇನ್ನೊಂದು ಮಗ್ಗುಲಲ್ಲಿ ಅದು ಇರುವಂಥ ಇಮ್ಮುಖದ ತಟ್ಟೆಯನ್ನು ಹೊರಡಿಸುವೆನೆಂದು ವಾರ್ನರ್ ಕಂಪೆನಿಯು ಅದೇ ವರ್ಷ ಸಾರಿತು. ಅದು ಅಂಗಡಿಯ ಮುಖವನ್ನೇ ನೋಡಲಿಲ್ಲ.

ಸೋನಿಯ ಕೈಯಲ್ಲಿ ಇನ್ನೊಂದು ಅಸ್ತ್ರವಿದ್ದಿತು. ೨೦೦೬ರ ನವೆಂಬರಿನಲ್ಲಿ ಹೊರಬಂದ ‘ಪ್ಲೇಸ್ಟೇಷನ್ ೩’ ಎಂಬ ಆಟದ ಯಂತ್ರದೊಳಗೆ ಬ್ಲೂ-ರೇಯನ್ನು ಓದುವ ಸಾಧನವನ್ನು ಸೇರಿಸಿಯೇ ಮಾರಿದರು. ಪ್ರತಿಯೊಂದು ಯಂತ್ರದಲ್ಲಿಯೂ ಕಂಪೆನಿಯು ನಷ್ಟವನ್ನು ಸಹಿಸಿತು. ಆದರೆ ೨೦೦೭ರ ಕೊನೆಯ ವೇಳೆಗೆ ಪ್ರಪಂಚದಲ್ಲಿ ಇಂಥ ಸುಮಾರು ಒಂದು ಕೋಟಿ ಯಂತ್ರಗಳು ಹರಡಿ, ಆಟಕ್ಕೆಂದು ಮಕ್ಕಳು ತಂದ ಪೆಟ್ಟಿಗೆಯು ಹಿರಿಯರ ಅರಿವಿಲ್ಲದೆಯೇ ಬ್ಲೂ-ರೇಯ ದಂಡಾಗಿ ಪರಿಣಮಿಸಿತು. ಎದುರುಪಕ್ಷದವರೂ ಸುಮ್ಮನಿರಲಿಲ್ಲ. ೨೦೦೭ರ ಆಗಸ್ಟಿನಲ್ಲಿ ಪ್ಯಾರಮೌಂಟ್ ಮತ್ತು ಡ್ರೀಮ್‌ವರ್ಕ್ಸ್ ಆನಿಮೇಷನ್ ಕಂಪೆನಿಗಳು ಇದ್ದಕ್ಕಿದ್ದಂತೆ ಎಚ್.ಡಿ. ಡಿ.ವಿ.ಡಿ.ಯ ಕಡೆಗೆ ಪೂರ್ತಿಯಾಗಿ ವಾಲಿದುವು. ಈ ವಾಲುವಿಕೆಗೆ ಸುಮಾರು ೧೫ ಕೋಟಿ ಡಾಲರಿನ ಪ್ರತಿಫಲವಿದ್ದಿತೆಂದು ಅಮೆರಿಕದ ಪತ್ರಿಕೆಗಳು ಆಗಲೇ ವರದಿ ಮಾಡಿದುವು. ಅದೇ ನವೆಂಬರಿನಲ್ಲಿ ವಾಲ್‌ಮಾರ್ಟ್ ಅಂಗಡಿಗಳು ತೋಷಿಬಾ ಯಂತ್ರವೊಂದನ್ನು ೯೮ ಡಾಲರು ೮೭ ಸೆಂಟಿಗೆ ಮಾರಿದುವು. ಒಂದೂವರೆ ವರ್ಷದ ಹಿಂದೆ ಈ ಬಗೆಯ ಯಂತ್ರಕ್ಕೆ ಐನೂರು ಡಾಲರು ತೆತ್ತವನು ಹುಬ್ಬೇರಿಸಿದನು. ನೂರು ಡಾಲರಿಗೆ ಕೊಂಡವನು ಹಿಗ್ಗಿದನು. ಇಬ್ಬರೂ ಮುಂದಿನ ಮೂರು ತಿಂಗಳಲ್ಲಿ ಆಗಲಿರುವುದನ್ನು ಅರಿಯರು.

೨೦೦೮ರ ಜನವರಿ ೪ರಂದು, ಲಾಸ್ ವೇಗಾಸ್ ನಗರದ ವಾರ್ಷಿಕ ಎಲೆಕ್ಟ್ರಾನಿಕ್ ಪ್ರದರ್ಶನವು ತೆರೆಯುವುದಕ್ಕೆ ಕೆಲವೇ ದಿನ ಮುಂಚೆ, ಡಿ.ವಿ.ಡಿ. ಮಾರಾಟದಲ್ಲಿ ಅಗ್ರಗಣ್ಯವಾಗಿದ್ದ ವಾರ್ನರ್ ಕಂಪೆನಿಯು ಇನ್ನು ಮುಂದೆ ತಾನು ಬ್ಲೂ-ರೇಯಲ್ಲಿ ಮಾತ್ರ ಚಿತ್ರಗಳನ್ನು ಹೊರಡಿಸುವುದಾಗಿ ತಿಳಿಸಿತು. ಎಚ್.ಡಿ. ಡಿ.ವಿ.ಡಿ. ಪಕ್ಷದವರು ಪ್ರದರ್ಶನದಲ್ಲಿ ಕರೆದಿದ್ದ ಪತ್ರಕರ್ತರ ಸಭೆಯನ್ನು ರದ್ದುಮಾಡಬೇಕಾಯಿತು. ಫೆಬ್ರವರಿಯಲ್ಲಿ ತಟ್ಟೆಗಳನ್ನು ಬಾಡಿಗೆಗೆ ಕಳುಹಿಸುತ್ತಿದ್ದ ನೆಟ್‌ಫ್ಲಿಕ್ಸ್, ಬಳಿಕ ಬೆಸ್ಟ್ ಬೈ, ಬಳಿಕ ವಾಲ್‌ಮಾರ್ಟ್, ಹೀಗೆ ಒಬ್ಬರ ಹಿಂದೊಬ್ಬರಂತೆ ಕೈಬಿಟ್ಟರು. ವಾರ್ನರ್ ಕಂಪೆನಿಯ ಪ್ರಕಟನೆಯಿಂದ ತೋಷಿಬಾ ಅಧ್ಯಕ್ಷರ ಶರಣಾಗತಿಗೆ ನಲವತ್ತಾರು ದಿನಗಳು ಮಾತ್ರ. ಮರುವರ್ಷದ ಆಗಸ್ಟಿನಲ್ಲಿ ತೋಷಿಬಾ ತಾನೇ ಬ್ಲೂ-ರೇ ಸಂಘದ ಸದಸ್ಯತ್ವವನ್ನು ಕೋರಿ, ಎದುರಾಳಿಯ ಯಂತ್ರವನ್ನು ತಯಾರಿಸಲು ಮುಂದಾಯಿತು.

ಪ್ರಭುಗಳು ಹೀಗೆ ರಾಜಿಯಾದರು. ಆದರೆ ಆ ಹೊತ್ತಿಗೆ ಎಚ್.ಡಿ. ಡಿ.ವಿ.ಡಿ.ಯನ್ನು ಓದುವ ಸುಮಾರು ಹತ್ತು ಲಕ್ಷ ಯಂತ್ರಗಳು ಜನರ ಮನೆಗಳನ್ನು ಸೇರಿದ್ದುವು. ಅವುಗಳ ಗತಿಯೇನು? ಬೆಸ್ಟ್ ಬೈ ಅಂಗಡಿಯವರು ತಮ್ಮಲ್ಲಿ ಯಂತ್ರ ಕೊಂಡವರಿಗೆ ಐವತ್ತು ಡಾಲರಿನ ಚೀಟಿಯನ್ನು ಕೊಟ್ಟರು. ಆ ಚೀಟಿಯೂ ಅದೇ ಅಂಗಡಿಯಲ್ಲಿ ಸಲ್ಲತಕ್ಕದ್ದು. ವಾರ್ನರ್ ಕಂಪೆನಿಯು ತರುವಾಯ, ಹಳೆಯ ತಟ್ಟೆಯ ಗುರುತನ್ನೊಪ್ಪಿಸಿ ಮೇಲೆ ೪ ಡಾಲರು ೯೫ ಸೆಂಟನ್ನೂ ಸಾಗಣೆಯ ವೆಚ್ಚವನ್ನೂ ತೆತ್ತವರಿಗೆ ಅದೇ ಚಿತ್ರದ ಬ್ಲೂ-ರೇ ತಟ್ಟೆಯನ್ನು ಕೊಡುವ ಏರ್ಪಾಡು ಮಾಡಿತು. ಒಮ್ಮೆ ಪೂರ್ಣ ಬೆಲೆಯನ್ನು ತೆತ್ತವನು ಅದೇ ಚಿತ್ರಕ್ಕೆ ಎರಡನೆಯ ಸಲ ಹಣ ಬಿಚ್ಚಬೇಕು! ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ನಮ್ಮ ಗಾದೆಯು ಅಮೆರಿಕದ ಪೇಟೆಯಲ್ಲಿ ಹೀಗೆ ಸಾರ್ಥಕವಾಯಿತು.

ಸ್ಪರ್ಧೆಯಿಂದ ಬೆಲೆಯಿಳಿಯಿತಲ್ಲವೇ, ಸಾವಿರ ಡಾಲರಿನಿಂದ ನೂರು ಡಾಲರಿಗೆ ಬಂದುದು ಜಗಳದ ಫಲವಲ್ಲವೇ ಎಂದು ಅರ್ಥಶಾಸ್ತ್ರವನ್ನು ಓದಿದ ಮಿತ್ರರು ಕೇಳಬಹುದು. ಸ್ಪರ್ಧೆಯನ್ನು ನಾವು ದ್ವೇಷಿಸುವವರಲ್ಲ. ಒಂದೇ ಸೇರಿನಲ್ಲಿ ಅಳೆದು ಇಬ್ಬರು ವರ್ತಕರು ಅಕ್ಕಿ ಮಾರಿದರೆ, ಯಾರದು ಒಳ್ಳೆಯ ಅಕ್ಕಿ, ಯಾರದು ಅಗ್ಗ ಎಂದು ಕೊಳ್ಳುವವನು ತೂಗಿ ನೋಡಬಲ್ಲನು. ಇಬ್ಬರೂ ತಮ್ಮ ತಮ್ಮ ಸೇರನ್ನೇ ತಂದು, ನನ್ನ ಸೇರಿನಲ್ಲಿ ಅಳೆದ ಅಕ್ಕಿಯು ಅವನ ಮಡಕೆಯಲ್ಲಿ ಬೇಯದು ಎಂದರೆ ಅದನ್ನು ಸ್ಪರ್ಧೆಯೆನ್ನುವುದು ಹೇಗೆ? ಡಿ.ವಿ.ಡಿ.ಯ ಅಳತೆಯು ಒಂದೇ ಆಗಿದ್ದಾಗ ಯಂತ್ರಗಳ ಬೆಲೆಯು ಇಳಿಯಲಿಲ್ಲವೇ? ಇಳಿಯಿತು, ಮತ್ತು ಯಾವ ಗ್ರಾಹಕನ ಯಂತ್ರವೂ ರಾತ್ರಿ ಬೆಳಗಾಗುವುದರೊಳಗೆ ಅನಾಥವಾಗಲಿಲ್ಲ. ನಮ್ಮ ದೇಶದಲ್ಲಿ ಊರಿಗೊಂದು ಸೇರು, ಸೀಮೆಗೊಂದು ಮಣ ಇದ್ದ ಕಾಲವನ್ನು ಕೊನೆಗಾಣಿಸಲು ೧೯೫೬ರಲ್ಲಿ ತೂಕ ಮತ್ತು ಅಳತೆಗಳ ಕಾನೂನು ಬಂದಿತು; ೧೯೫೭ರಲ್ಲಿ ನಾಣ್ಯವೂ ದಶಮಾನಕ್ಕೆ ತಿರುಗಿತು. ಅದರಿಂದ ವ್ಯಾಪಾರವು ಕುಗ್ಗಿತೆಂದು ಹೇಳಿದವರನ್ನು ನಾವು ಕಂಡಿಲ್ಲ.

ಈ ಮಾತನ್ನು ನಾವು ನಮ್ಮ ಕಸಬಿನಿಂದಲೂ ಬಲ್ಲೆವು. ಅಚ್ಚಿನ ಮೊಳೆಗಳ ಕಾಲವು ಕಳೆದು ಕಂಪ್ಯೂಟರು ಬಂದಾಗ, ಕನ್ನಡದ ಅಕ್ಷರಗಳಿಗೆ ಪ್ರತಿಯೊಬ್ಬ ತಂತ್ರಾಂಶಗಾರನೂ ತನ್ನದೇ ಆದ ಗುಪ್ತ ಸಂಖ್ಯೆಗಳನ್ನಿತ್ತನು. ಒಂದು ಯಂತ್ರದಲ್ಲಿ ಜೋಡಿಸಿದ ಲೇಖನವು ಇನ್ನೊಂದು ಯಂತ್ರದಲ್ಲಿ ಅರ್ಥವಿಲ್ಲದ ಗೀಚುಗಳಾಗಿ ಕಾಣುತ್ತಿದ್ದಿತು. ಯೂನಿಕೋಡ್ ಎಂಬ ಸರ್ವಸಾಮಾನ್ಯವಾದ ಸಂಕೇತದಲ್ಲಿ ಕನ್ನಡಕ್ಕೆ ೧೯೯೧ರಲ್ಲಿಯೇ ಸ್ಥಾನವು ದೊರೆತಿದ್ದರೂ, ಅದನ್ನು ರೂಢಿಗೆ ತರಲು ನಾವೆಲ್ಲರೂ ಬಹುಕಾಲ ತಡಮಾಡಿದೆವು. ಹಳೆಯ ಸಂಕೇತಗಳಲ್ಲಿ ಸಿಕ್ಕಿಕೊಂಡ ಪತ್ರಿಕೆಗಳ ಹಳೆಯ ಸಂಚಿಕೆಗಳು ಇಂದಿಗೂ ಬಿಡಿಸಿದಷ್ಟೂ ಮುಗಿಯದ ಗಂಟುಗಳಾಗಿವೆ. ತಟ್ಟೆಗಳ ಜಗಳವು ದೂರದೇಶದ್ದಾದರೂ ಅದರ ರೋಗವು ನಮಗೆ ಅಪರಿಚಿತವಲ್ಲ.

ಇನ್ನು ಬೀಗದ ವಿಷಯ. ಚಿತ್ರವನ್ನು ಯಾರೂ ನಕಲು ಮಾಡದಂತೆ ಎರಡು ತಟ್ಟೆಗಳಿಗೂ ಒಂದೇ ಬಗೆಯ ಬೀಗವನ್ನು ಹಾಕಿದ್ದರು. ಬ್ಲೂ-ರೇಗೆ ಅದರ ಮೇಲೆ ‘ಬಿ.ಡಿ. ಪ್ಲಸ್’ ಎಂಬ ಇನ್ನೊಂದು ಬೀಗವೂ ಉಂಟು. ಫಾಕ್ಸ್ ಕಂಪೆನಿಯವರಿಗೆ ಬ್ಲೂ-ರೇ ರುಚಿಸಲು ಇದು ಮುಖ್ಯ ಕಾರಣಗಳಲ್ಲೊಂದು. ಮೊದಲನೆಯ ಬೀಗದ ಕೀಲಿಗಳು ೨೦೦೭ರಲ್ಲಿಯೇ ಬಯಲಾದುವು. ಕಳ್ಳನು ಒಳಹೊಕ್ಕನು, ಬೀಗದ ತೊಂದರೆಯು ಸಾಚಾ ಗ್ರಾಹಕನ ಪಾಲಿಗೆ ಉಳಿಯಿತು. ಇದಲ್ಲದೆ ಬ್ಲೂ-ರೇ ಸಂಘದವರು ಪ್ರಪಂಚವನ್ನು ಮೂರು ವಲಯಗಳಾಗಿ ಹಂಚಿದರು. ಅಮೆರಿಕ ಜಪಾನುಗಳು ‘ಎ’ ವಲಯ. ಯೂರೋಪು, ಆಫ್ರಿಕಗಳು ‘ಬಿ’ ವಲಯ. ಚೀನ, ರಷ್ಯಗಳೊಡನೆ ಭಾರತವು ‘ಸಿ’ ವಲಯ. ಅಮೆರಿಕದಲ್ಲಿ ನೆಲಸಿರುವ ಕನ್ನಡಿಗನೊಬ್ಬನು ಅಲ್ಲಿ ನ್ಯಾಯವಾಗಿ ಕೊಂಡ ತಟ್ಟೆಯನ್ನು ಮೈಸೂರಿನಲ್ಲಿರುವ ತಂದೆತಾಯಿಗಳಿಗೆ ತಂದುಕೊಟ್ಟಾಗ, ಅದರ ಮೇಲೆ ವಲಯದ ಮುದ್ರೆಯಿದ್ದಲ್ಲಿ, ಇಲ್ಲಿನ ಯಂತ್ರವು ಅದನ್ನು ನಡೆಯಿಸಲಾರದು. ಸೋತ ಎಚ್.ಡಿ. ಡಿ.ವಿ.ಡಿ.ಗೆ ಇಂಥ ವಲಯದ ಕಟ್ಟು ಇರಲಿಲ್ಲವೆಂಬುದನ್ನು ನ್ಯಾಯದೃಷ್ಟಿಯಿಂದ ಹೇಳಲೇಬೇಕು. ಗೆದ್ದ ತಟ್ಟೆಯಲ್ಲಿ ಜಾಗವೂ ಹೆಚ್ಚು, ಬೀಗವೂ ಹೆಚ್ಚು.

ಭರತಖಂಡವನ್ನು ‘ಸಿ’ ವಲಯಕ್ಕೆ ಸೇರಿಸುವಾಗ ನಮ್ಮನ್ನು ಕೇಳಿದವರಾರು? ಆ ಒಂಬತ್ತು ಹೆಸರುಗಳಲ್ಲಿ ಭಾರತದ ಕಂಪೆನಿ ಒಂದೂ ಇಲ್ಲ; ಎದುರುಪಕ್ಷದ ಮುಂದಾಳುಗಳಲ್ಲಿಯೂ ಇಲ್ಲ. ನಮ್ಮಲ್ಲಿ ತಟ್ಟೆ ತಯಾರಿಸುವ ಶಕ್ತಿಯಿರಲಿಲ್ಲವೆನ್ನುವಂತಿಲ್ಲ. ೧೯೮೩ರಲ್ಲಿ ಸ್ಥಾಪಿತವಾದ ಮೋಸರ್ ಬೇರ್ ಇಂಡಿಯಾ ಕಂಪೆನಿಯು ತಟ್ಟೆಗಳ ತಯಾರಿಕೆಯಲ್ಲಿ ಪ್ರಪಂಚದ ಅತಿ ದೊಡ್ಡ ಕಂಪೆನಿಗಳ ಸಾಲಿನಲ್ಲಿತ್ತು. ಅಮೆರಿಕದವರು ಐನೂರು, ಸಾವಿರ ಡಾಲರಿನ ಯಂತ್ರಗಳಿಗಾಗಿ ಕಾದಾಡುತ್ತಿದ್ದ ಅದೇ ೨೦೦೭ರಲ್ಲಿ ಈ ಕಂಪೆನಿಯು ಚಲಚ್ಚಿತ್ರದ ವಿ.ಸಿ.ಡಿ.ಯನ್ನು ೨೮ ರೂಪಾಯಿಗೂ ಡಿ.ವಿ.ಡಿ.ಯನ್ನು ೩೪ ರೂಪಾಯಿಗೂ ಮಾರಿ, ಸಾಮಾನ್ಯ ಸಂಸಾರಗಳಿಗೂ ಚಿತ್ರವನ್ನು ಎಟುಕಿಸಿತು. ಕೈಚಳಕವಿತ್ತು, ಪೇಟೆಯಿತ್ತು, ಅಳತೆಯನ್ನು ನಿರ್ಣಯಿಸುವ ಸಭೆಯಲ್ಲಿ ಮಾತ್ರ ನಮಗೆ ಪೀಠವಿರಲಿಲ್ಲ. ಪರರ ಅಳತೆಯ ವಸ್ತುವನ್ನು ಎಷ್ಟು ಅಗ್ಗವಾಗಿ ತಯಾರಿಸಿದರೇನು, ಆ ಅಳತೆಯ ಕಾಲವು ಮುಗಿದೊಡನೆ ಕಾರಖಾನೆಯ ಕಾಲವೂ ಮುಗಿಯುವುದು. ತಟ್ಟೆಗಳ ಬೇಡಿಕೆಯು ಇಳಿಯಿತು, ಸಾಲಗಳು ಬೆಳೆದುವು. ೨೦೧೮ರಲ್ಲಿ ಆ ಕಂಪೆನಿಯನ್ನು ಮುಚ್ಚಿ ಲೆಕ್ಕ ತೀರಿಸುವಂತೆ ಆಜ್ಞೆಯಾಯಿತು.

ಗೆದ್ದವರಾದರೂ ಬಹುಕಾಲ ಆಳಿದರೇ? ತಟ್ಟೆಗಳ ಕಾಳಗವು ಇನ್ನೂ ನಡೆಯುತ್ತಿದ್ದ ೨೦೦೭ರ ಜನವರಿಯಲ್ಲಿಯೇ ನೆಟ್‌ಫ್ಲಿಕ್ಸ್ ಕಂಪೆನಿಯು ತಟ್ಟೆಯಿಲ್ಲದೆ ತಂತಿಯ ಮೂಲಕ ಚಿತ್ರವನ್ನು ಮನೆಗೆ ಹರಿಸಲು ಪ್ರಾರಂಭಿಸಿತ್ತು. ಕೋಟೆಯ ಹೆಬ್ಬಾಗಿಲಿಗಾಗಿ ಇವರು ಕಾದಾಡುತ್ತಿದ್ದಾಗ ಶತ್ರುವು ದಿಡ್ಡಿ ಬಾಗಿಲಿನಿಂದ ಒಳಹೊಕ್ಕಿದ್ದನು. ೨೦೧೬ರಲ್ಲಿ ಆ ಕಂಪೆನಿಯು ಭಾರತಕ್ಕೂ ಬಂದಿತು. ೨೦೨೩ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ತಟ್ಟೆಗಳನ್ನು ಅಂಚೆಯಲ್ಲಿ ಕಳುಹಿಸುವ ತನ್ನ ಹಳೆಯ ಪದ್ಧತಿಯನ್ನು ಪೂರ್ತಿ ನಿಲ್ಲಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ತೋಷಿಬಾ ಕಂಪೆನಿಯ ಷೇರುಗಳು ಟೋಕಿಯೋ ಪೇಟೆಯಿಂದ ಮರೆಯಾದುವು. ೨೦೨೫ರ ಫೆಬ್ರವರಿಯಲ್ಲಿ, ಗೆದ್ದ ಸೋನಿಯೇ ಬರೆಯಲು ಬರುವ ಖಾಲಿ ಬ್ಲೂ-ರೇ ತಟ್ಟೆಗಳ ತಯಾರಿಕೆಯನ್ನು ಕೈಬಿಟ್ಟಿತು. ಅಚ್ಚಾದ ಚಿತ್ರಗಳ ಬ್ಲೂ-ರೇಯು ಸಂಗ್ರಾಹಕರ ವಸ್ತುವಾಗಿ ಉಳಿದುಕೊಂಡಿದೆ.

ಹಾಗಾದರೆ ತಟ್ಟೆಯ ಹಂಗೇ ತೊಲಗಿತಲ್ಲ, ಇನ್ನೇಕೆ ಚಿಂತೆ ಎನ್ನುವವರು ಒಂದು ಸಂಗತಿಯನ್ನು ಆಲೋಚಿಸಬೇಕು. ಸೋತ ತಟ್ಟೆಯನ್ನು ಕೊಂಡವನ ಬಳಿ ಹಳೆಯ ಯಂತ್ರವು ಕೆಡುವ ತನಕವಾದರೂ ಚಿತ್ರವು ಉಳಿದಿತ್ತು. ತಂತಿಯಲ್ಲಿ ಹರಿದುಬರುವ ಚಿತ್ರವನ್ನು ನೋಡುವವನ ಬಳಿ ಏನೂ ಉಳಿಯುವುದಿಲ್ಲ. ಕಂಪೆನಿಗಳ ಕರಾರು ಮುಗಿದ ದಿನ ಚಿತ್ರವು ಪಟ್ಟಿಯಿಂದ ಮಾಯವಾಗುವುದು. ಮೊದಲು ಸೇರು ಮಾತ್ರ ಅವರದಾಗಿತ್ತು. ಈಗ ಧಾನ್ಯವೂ ಕಣಜವೂ ಅವರದೇ.

ಇದಕ್ಕೆ ಪ್ರತಿಯಾಗಿ ಹಳೆಯ ಫಿಲ್ಮಿನ ಸುರುಳಿಯನ್ನು ನೆನೆಯೋಣ. ೩೫ ಮಿಲಿಮೀಟರು ಅಗಲದ ಆ ಸುರುಳಿಯನ್ನು ೧೯೦೯ರಲ್ಲಿ ಪ್ಯಾರಿಸ್ ನಗರದಲ್ಲಿ ಸೇರಿದ ಚಿತ್ರತಯಾರಕರು ಸರ್ವಸಾಮಾನ್ಯ ಅಳತೆಯೆಂದು ಒಪ್ಪಿದರು. ಆದುದರಿಂದಲೇ ಯಾವ ದೇಶದ ಯ��ತ್ರದಲ್ಲಾದರೂ ಯಾವ ದೇಶದ ಸುರುಳಿಯಾದರೂ ಓಡಿತು. ನಮ್ಮ ಹಳ್ಳಿಗಳ ಟೂರಿಂಗ್ ಟಾಕೀಸಿನ ಡೇರೆಯಲ್ಲಿಯೂ ಓಡಿತು. ಒಂದು ಶತಮಾನದ ಚಿತ್ರಗಳನ್ನು ಇಂದಿಗೂ ನೋಡಲು ಸಾಧ್ಯವಾಗಿದ್ದರೆ ಅದು ಆ ಒಪ್ಪಂದದ ಪುಣ್ಯ. ಹಾಗಿದ್ದರೂ ಕಾಪಾಡುವ ಕೈ ಇಲ್ಲದಿದ್ದರೆ ಏನೂ ಉಳಿಯದು. ೧೯೩೪ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ನಮಗೆ ಉಳಿದಿಲ್ಲ. ಪುಣೆಯ ರಾಷ್ಟ್ರೀಯ ಸಂಗ್ರಹಾಲಯವು ಹುಟ್ಟಿದುದೇ ೧೯೬೪ರಲ್ಲಿ. ಸರ್ವಸಾಮಾನ್ಯ ಅಳತೆ, ಸಾರ್ವಜನಿಕ ಕಣಜ, ಈ ಎರಡೂ ಬೇಕು. ಒಂದಿದ್ದು ಒಂದಿಲ್ಲದಿದ್ದರೆ ನಷ್ಟವೇ.

ಆದುದರಿಂದ ನಮ್ಮ ಸೂಚನೆಗಳು ಮೂರು. ಮೊದಲನೆಯದಾಗಿ, ಸರ್ಕಾರದ ಇಲಾಖೆಗಳೂ ವಿದ್ಯಾಸಂಸ್ಥೆಗಳೂ ಯಂತ್ರವನ್ನಾಗಲಿ ತಂತ್ರಾಂಶವನ್ನಾಗಲಿ ಕೊಳ್ಳುವ ಮುನ್ನ ಬೆಲೆಯನ್ನು ಕೇಳುವಷ್ಟೇ ಶ್ರದ್ಧೆಯಿಂದ, ಇದರ ಅಳತೆಯು ಯಾರದು, ಇದನ್ನು ಮಾರುವವನು ನಾಳೆ ಅಂಗಡಿ ಮುಚ್ಚಿದರೆ ನಮ್ಮ ಕಾಗದಪತ್ರಗಳನ್ನು ಬೇರೊಬ್ಬನು ಓದಬಲ್ಲನೇ ಎಂದು ಕೇಳತಕ್ಕದ್ದು. ಉತ್ತರವು ತೃಪ್ತಿಕರವಾಗಿಲ್ಲದಿದ್ದರೆ ಅಗ್ಗವಾದರೂ ಬೇಡ. ಎರಡನೆಯದಾಗಿ, ಕನ್ನಡದ ಹಳೆಯ ಚಿತ್ರಗಳನ್ನೂ ಧ್ವನಿಮುದ್ರಿಕೆಗಳನ್ನೂ ಯಾವನೊಬ್ಬ ವರ್ತಕನ ಬೀಗಕ್ಕೂ ಒಳಪಡದ, ಎಲ್ಲರಿಗೂ ತೆರೆದಿರುವ ಮಾದರಿಗಳಲ್ಲಿ, ಒಂದಕ್ಕಿಂತ ಹೆಚ್ಚು ಸ್ಥಳಗಳಲ್ಲಿ ಪ್ರತಿಮಾಡಿಸಿ ಇಡುವ ಭಾರವನ್ನು ಸರ್ಕಾರವೂ ಚಿತ್ರೋದ್ಯಮದವರೂ ಕೂಡಿ ಹೊರಬೇಕು. ಮೂರನೆಯದಾಗಿ, ಗ್ರಾಹಕರು ತಮ್ಮ ಬಲವನ್ನು ಅರಿಯಬೇಕು. ೧೯೯೫ರಲ್ಲಿ ಕೊಳ್ಳುವವರು ಹಟ ಹಿಡಿದರು, ಒಪ್ಪಂದವಾಯಿತು. ೨೦೦೬ರಲ್ಲಿ ಆತುರಪಟ್ಟರು, ದಂಡ ತೆತ್ತರು. ತಾಳಿದವನು ಬಾಳಿಯಾನು ಎಂಬ ಮಾತು ಪೇಟೆಗೂ ಸಲ್ಲುತ್ತದೆ.

ವರ್ತಕರ ಮಧ್ಯೆ ಜಗಳವು ಮುಂದೆಯೂ ಆಗುತ್ತಲೇ ಇರುವುದು. ಹೊಸ ಹೊಸ ಯಂತ್ರಗಳು ಬರುವುವು, ಪ್ರತಿಯೊಂದೂ ತನ್ನದೇ ಕಡೆಯ ಮಾತೆಂದು ಹೇಳಿಕೊಳ್ಳುವುದು. ಅವನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಅಳತೆಯನ್ನು ನಿರ್ಣಯಿಸುವ ಸಭೆಗಳಿಗೆ ನಮ್ಮ ಎಂಜಿನಿಯರುಗಳನ್ನೂ ಅಧಿಕಾರಿಗಳನ್ನೂ ಕಳುಹಿಸುವುದು, ಅಲ್ಲಿ ಕುಳಿತು ನಮ್ಮ ಜನದ ಪರವಾಗಿ ಮಾತನಾಡಿಸುವುದು ನಮ್ಮ ಕೈಯಲ್ಲಿದೆ. ಬೆಂಗಳೂರು ನಗರವು ಪ್ರಪಂಚದ ಅರ್ಧದಷ್ಟು ಕಂಪೆನಿಗಳ ತಂತ್ರಾಂಶವನ್ನು ಬರೆದುಕೊಡುತ್ತಿದೆಯೆಂದು ಹೆಮ್ಮೆಪಡುವವರು ನಮ್ಮಲ್ಲಿ ಉಂಟು. ಬರೆದುಕೊಡುವ ಕೈಗೆ ನಿರ್ಣಯಿಸುವ ಮಾತೂ ದೊರೆಯುವ ತನಕ ಆ ಹೆಮ್ಮೆಯು ಅರೆಪಾಲು ಎಂದೇ ನಮ್ಮ ಅಭಿಪ್ರಾಯ.